ಕೆಂಪು ಹತ್ತದ ಇಳಿಜಾರು

ಅವನನ್ನು ಎಲ್ಲರೂ ಸೆಕೆಂಡಣ್ಣ ಎಂದು ಕರೆಯುತ್ತಿದ್ದರು. ಗುಡ್ಡವನ್ನು ಎರಡನೇ ಗೇರಿನಲ್ಲಿ ಇಳಿಯುವವನು ಎಂದು ಅದರ ಅರ್ಥ. ಹೆಂಡತಿಗೆ ಮಾತ್ರ ಆ ಹೆಸರು ಹಿಡಿಸುತ್ತಿರಲಿಲ್ಲ. "ನಂಗೆ ಫಸ್ಟೂ ಇವರೇ, ಲಾಸ್ಟೂ ಇವರೇ. ಸೆಕೆಂಡ್ ಯಾರಿಗೆ ಆದ್ರು?" ಎನ್ನುತ್ತಿದ್ದಳು.

ಮೇಲಿನ ಕಲ್ಲುಕ್ವಾರಿಯಿಂದ ಕೆಳಗಿನ ಕಾರ್ಮಿಕರ ವಸತಿಗೆ ಹನ್ನೊಂದು ಕಿಲೋಮೀಟರ್ ರಸ್ತೆ, ಇಪ್ಪತ್ತಾರು ತಿರುವು. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಬೆಳಿಗ್ಗೆ ಆರಕ್ಕೆ ನಾಲ್ಕು ವ್ಯಾನುಗಳು ಜನರನ್ನು ತುಂಬಿಕೊಂಡು ಹತ್ತುತ್ತಿದ್ದವು. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿದವರನ್ನು ತುಂಬಿಕೊಂಡು ಸಾಲಾಗಿ ಇಳಿಯುತ್ತಿದ್ದವು. ಸಾಲಿನ ಮೊದಲ ವ್ಯಾನು ಅವನದು. ಇಪ್ಪತ್ತೆಂಟು ವರ್ಷದಿಂದ ಅವನದೇ.

ಆ ನಾಲ್ವರು ಚಾಲಕರಲ್ಲಿ ಒಂದು ಪದ್ಧತಿ ಇತ್ತು. ಮೇಲಿನ ಗೇಟಿನಿಂದ ಕೆಳಗಿನ ಗೇಟಿನವರೆಗೆ ಬ್ರೇಕ್ ಮುಟ್ಟದೆ, ಸಣ್ಣ ಗೇರು ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಬ್ರೇಕ್ ಮೇಲೆ ಕಾಲಿಟ್ಟರೆ ಹಿಂದಿನ ಕೆಂಪು ದೀಪ ಹತ್ತುತ್ತದೆ, ಹಿಂದೆ ಬರುವವನು ಎಣಿಸಿಕೊಳ್ಳುತ್ತಾನೆ. ಕೆಳಗಿನ ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ದಿನದ ತೀರ್ಪು. ಜಾಸ್ತಿ ಸಲ ಕೆಂಪು ಹತ್ತಿಸಿದವನು ಉಳಿದವರಿಗೆ ಚಹಾ ಕುಡಿಸಬೇಕು. ಇಪ್ಪತ್ತೆಂಟು ವರ್ಷದಲ್ಲಿ ಸೆಕೆಂಡಣ್ಣ ಚಹಾ ಕುಡಿಸಿದ್ದು ಎರಡೇ ಸಲ: ರಸ್ತೆಗೆ ಬಂಡೆ ಉರುಳಿ ಬಿದ್ದ ದಿನ, ಮಗಳು ಹುಟ್ಟಿದ ದಿನ. ಎರಡನೆಯ ಸಲ ಅವನು ಬ್ರೇಕ್ ಮುಟ್ಟಿರಲಿಲ್ಲ.

ಇದು ಬರೀ ಆಟವಾಗಿರಲಿಲ್ಲ. ಮೊದಲ ವ್ಯಾನಿನ ಕೆಂಪು ಹತ್ತಿತೆಂದರೆ ಮುಂದೆ ನಿಜವಾಗಿಯೂ ಏನೋ ಇದೆ ಎಂದರ್ಥ. ಹಿಂದಿನ ಮೂವರೂ ಯೋಚಿಸದೆ ಬ್ರೇಕ್ ಒತ್ತುತ್ತಿದ್ದರು. ಹತ್ತದಿದ್ದರೆ ದಾರಿ ಸರಿಯಿದೆ ಎಂದು ನಿಶ್ಚಿಂತೆಯಿಂದ ಇಳಿಯುತ್ತಿದ್ದರು. ಅವನ ಬೆನ್ನಿನ ಎರಡು ದೀಪಗಳನ್ನು ನಂಬಿ ದಿನಾ ಐವತ್ತು ಜನ ಮನೆ ಸೇರುತ್ತಿದ್ದರು.

ವ್ಯಾನುಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ. ಕೆಳಗಿನ ಗೇಟಿನ ಹಿಂದೆ ತಗಡಿನ ಶೆಡ್ಡು, ಒಳಗೆ ಎರಡು ವ್ಯಾನು ನಿಲ್ಲುವಷ್ಟು ಜಾಗ, ನೆಲದಲ್ಲಿ ಒಂದು ಗುಂಡಿ, ಗೋಡೆಯ ಮೇಲೆ ಅಳತೆಯ ಪ್ರಕಾರ ಸಾಲಾಗಿ ತೂಗುಹಾಕಿದ ಪಾನಾಗಳು. ಮಾತು ಕಡಿಮೆ. ಹೊಸ ಚಾಲಕ ಬಂದಾಗ ಮಾತ್ರ ಅವನಿಗೆ ಮಾತು ಬರುತ್ತಿತ್ತು.

"ಗಾಡಿ ಎಷ್ಟು ಎತ್ತರದಿಂದ ಇಳಿಯುತ್ತೋ ಅಷ್ಟೂ ಬಿಸಿ ಆಗಲೇಬೇಕು. ಬೇಡ ಅಂದ್ರೆ ಬಿಡಲ್ಲ. ಎಲ್ಲಿ ಬಿಸಿ ಆಗಬೇಕು ಅನ್ನೋದಷ್ಟೇ ನಿನ್ನ ಕೈಲಿರೋದು. ಕಾಲಲ್ಲಿ ಒತ್ಕೊಂಡೇ ಬಂದ್ರೆ ಚಕ್ರ ಹಿಡಿಯೋ ಬ್ರೇಕ್ ಪ್ಯಾಡಿನ ಮೈ ಗಾಜಿನ ಥರ ನುಣುಪಾಗುತ್ತೆ, ಬ್ರೇಕ್ ಎಣ್ಣೆ ಕುದಿಯುತ್ತೆ. ಆಮೇಲೆ ಪೆಡಲ್ ಒತ್ತಿದ್ರೆ ದಿಂಬು ಒತ್ತಿದ ಹಾಗಿರುತ್ತೆ. ಹನ್ನೊಂದನೇ ಕಿಲೋಮೀಟರಲ್ಲಿ ದಿಂಬು ಸಿಕ್ಕಿದ್ರೆ ಮಲಗೋದೇ ಸರಿ, ಏಳೋದಿಲ್ಲ."

"ಹಾಗಾದ್ರೆ ಎಲ್ಲಾ ಕಡೆ ಗೇರಲ್ಲೇ ನಿಲ್ಲಿಸ್ತೀನಿ ಬಿಡಿ."

"ಅಲ್ಲೇ ತಪ್ಪೋದು. ಸಪಾಟು ರಸ್ತೇಲಿ ಬ್ರೇಕ್ ಒತ್ತು. ಪ್ಯಾಡ್ ಹುಟ್ಟಿರೋದೇ ಸವೆಯೋಕೆ, ಅರ್ಧ ಗಂಟೇಲಿ ಬದಲಾಯಿಸ್ತೀನಿ. ಪ್ಯಾಡ್ ಉಳಿಸ್ತೀನಿ ಅಂತ ಅಲ್ಲೂ ಗೇರ್ ಇಳಿಸಿ ಇಳಿಸಿ ಕ್ಲಚ್ ಸುಟ್ಕೊಂಡು ಬಂದ್ರೆ ಗೇರ್‌ಬಾಕ್ಸೇ ಕೆಳಗಿಳಿಸಬೇಕು. ಬೆನ್ನು ಹೋಗೋದು ನಂದು. ಉದ್ದ ಇಳಿಜಾರಲ್ಲಿ ಮಾತ್ರ ಎಂಜಿನ್ ಹಿಡೀಲಿ."

"ಎಂಜಿನ್ ಸವೆಯಲ್ವಾ?"

"ಸ್ವಲ್ಪ ಸವೆಯುತ್ತೆ. ಸವೆತ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ. ಎಲ್ಲಿ ಸವೆದ್ರೆ ನಾವು ತಡ್ಕೋಬಹುದು ಅಂತ ನೋಡ್ಕೋಬೇಕು, ಅಷ್ಟೆ."

ಮಾತಿಗಿಂತ ಅಳತೆಯ ಮೇಲೆ ಅವನಿಗೆ ನಂಬಿಕೆ. ಪ್ರತಿ ಸರ್ವಿಸ್‌ನಲ್ಲೂ ಚಕ್ರ ಬಿಚ್ಚಿ, ವರ್ನಿಯರ್ ಹಿಡಿದು ಪ್ಯಾಡಿನ ದಪ್ಪವನ್ನು ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದ. ಹೊಸ ಪ್ಯಾಡು ಹನ್ನೊಂದು ಮಿಲಿಮೀಟರ್. ಉಳಿದವರ ಪ್ಯಾಡು ಹದಿನೈದು ಸಾವಿರ ಕಿಲೋಮೀಟರಿಗೆ ಮೂರಕ್ಕೆ ಇಳಿದು ಬದಲಾಗುತ್ತಿತ್ತು. ಸೆಕೆಂಡಣ್ಣನ ಹಳೆಯ ವ್ಯಾನಿನಲ್ಲಿ ನಲವತ್ತೆಂಟು ಸಾವಿರಕ್ಕೂ ಐದು ಉಳಿದಿತ್ತು. ಪುಸ್ತಕದಲ್ಲಿ ಆ ಪುಟ ಒಂದು ಪದಕದ ಹಾಗೆ ಇತ್ತು. ಬಂದವರಿಗೆಲ್ಲ ತೆರೆದು ತೋರಿಸುತ್ತಿದ್ದ.

ಆ ಸವೆತ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಹಳೆಯ ವ್ಯಾನುಗಳಲ್ಲಿ ಎಂಜಿನ್ ಇದ್ದದ್ದು ಚಾಲಕನ ಸೀಟಿನ ಕೆಳಗೆ, ಒಂದು ತಗಡಿನ ಮುಚ್ಚಳದಡಿ. ಎರಡನೇ ಗೇರಿನಲ್ಲಿ ಗುಡ್ಡ ಇಳಿಯುವ ಎಂಜಿನ್ನು ಸುಮ್ಮನೆ ಇಳಿಯುವುದಿಲ್ಲ. ಕಟ್ಟಿಹಾಕಿದ ಪ್ರಾಣಿಯ ಹಾಗೆ ಒದರುತ್ತ ಇಳಿಯುತ್ತದೆ. ದಿನಕ್ಕೆ ಮೂವತ್ತೈದು ನಿಮಿಷ ಆ ಒದರಾಟ ಅವನ ತೊಡೆಯ ಕೆಳಗೆ, ಇಪ್ಪತ್ತೆಂಟು ವರ್ಷ. ಮೊದಲು ಹೋದದ್ದು ಹಕ್ಕಿಗಳ ದನಿ. ಆಮೇಲೆ ಇಂಡಿಕೇಟರಿನ ಟಿಕ್ ಟಿಕ್. ಆಮೇಲೆ ಹೆಂಗಸರ, ಮಕ್ಕಳ ಮಾತಿನ ಕೊನೆಕೊನೆಯ ಅಕ್ಷರಗಳು. ಬಾಯಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವನು ತನಗೇ ತಿಳಿಯದಂತೆ ಕಲಿತ. ಬಾಯಿ ಕಾಣದಿದ್ದಾಗ ನಗುತ್ತಿದ್ದ.

"ನಾನು ಬೈದ್ರೂ ನಗ್ತಾರಲ್ಲ, ಎಷ್ಟು ಪ್ರೀತಿ ಅಂದ್ಕೊಂಡಿದ್ದೆ," ಎಂದಳು ಹೆಂಡತಿ ಒಂದು ದಿನ ತಮ್ಮನ ಹತ್ತಿರ. "ಪ್ರೀತಿ ಅಲ್ಲ, ಕಿವಿ."

ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಚಾಲಕರನ್ನು ಪರೀಕ್ಷಿಸುತ್ತಿದ್ದರು. ಕಣ್ಣಿಗೆ ಅಕ್ಷರದ ಹಲಗೆ ಇತ್ತು. ಕಿವಿಗೆ ಒಂದು ಪ್ರಶ್ನೆ ಮಾತ್ರ, ಅದೂ ಫಾರಂ ಮೇಲೆ ತಲೆ ಬಗ್ಗಿಸಿಕೊಂಡೇ ಕೇಳುತ್ತಿದ್ದದ್ದು. ಸಕ್ಕರೆ ಇದೆಯಾ, ಇಲ್ಲ. ಫಿಟ್ಸು ಬರುತ್ತಾ, ಇಲ್ಲ. ಕಿವಿ ಕೇಳುತ್ತಾ, ಕೇಳುತ್ತೆ. ಪ್ರಶ್ನೆಗಳ ಸರದಿ ಅವನಿಗೆ ಬಾಯಿಪಾಠವಾಗಿತ್ತು.

ಅಷ್ಟಾದರೂ ವ್ಯಾನು ಓಡಿಸುವುದಕ್ಕೆ ತೊಂದರೆಯಾಗಿರಲಿಲ್ಲ. ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ಅವನ ತೊಡೆಗೆ ಗೊತ್ತಾಗುತ್ತಿತ್ತು. ತಗಡಿನ ಮುಚ್ಚಳದ ನಡುಕ ಸೀಟಿಗೆ, ಸೀಟಿನಿಂದ ಬೆನ್ನುಮೂಳೆಗೆ. ಮೂರರಿಂದ ಎರಡಕ್ಕೆ ಯಾವಾಗ ಇಳಿಸಬೇಕು ಎಂಬುದನ್ನು ಅವನು ಬೆನ್ನಿನಿಂದ ಕೇಳುತ್ತಿದ್ದ.

ಆ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ಹೊಸ ವ್ಯಾನುಗಳು ಬಂದವು. ಅವನ ಮಗಳು ಎರಡನೆಯ ವ್ಯಾನಿನ ಚಾಲಕಿಯಾದಳು.

ಮಗಳಿಗೆ ಇಪ್ಪತ್ನಾಲ್ಕು. ಹದಿನೆಂಟು ತುಂಬಿದ ವಾರವೇ ಅಪ್ಪನ ಹಿಂದೆ ಬಿದ್ದು ಕಲಿತಿದ್ದಳು. ಅವಳಿಗೆ ಸ್ಟೀರಿಂಗ್ ಕೊಡುವ ಮೊದಲು ಅವನು ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಪಕ್ಕದಲ್ಲಿ ಕೂರಿಸಿ, ಯಾವ ಗೇರಿನಲ್ಲಿದ್ದೇವೆ ಹೇಳು ಎಂದು ಕೇಳುತ್ತಿದ್ದನಂತೆ. ದೊಡ್ಡ ಗಾಡಿಯ ಲೈಸೆನ್ಸು ಕೈಗೆ ಬಂದ ಮೇಲೆ ಮ್ಯಾನೇಜರ ಹತ್ತಿರ ಹೋದರು. ಮ್ಯಾನೇಜರು ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೆಣ್ಣುಮಗಳು, ಈ ಇಳಿಜಾರು, ಹಿಂದೆ ಹನ್ನೆರಡು ಜನ. ನಂಗೆ ರಾತ್ರಿ ನಿದ್ದೆ ಬರಲ್ಲ."

"ಇಳಿಯೋದು ಮಧ್ಯಾಹ್ನ ಸರ್," ಎಂದಳು ಅವಳು.

ಮ್ಯಾನೇಜರು ನಕ್ಕರು. ಆ ನಗುವೇ ಅವಳಿಗೆ ಕೆಲಸ ಕೊಟ್ಟಿತು, ಷರತ್ತಿನೊಂದಿಗೆ. "ಒಂದು ವರ್ಷ ಟ್ರಯಲ್. ಅಪ್ಪ ಮುಂದೆ, ಮಗಳು ಹಿಂದೆ. ಸೆಕೆಂಡಣ್ಣ ಸಾಲಲ್ಲಿ ಇರೋತನಕ ನೀನೂ ಇರ್ತೀಯ. ಅವನಿಲ್ಲ ಅಂದ್ರೆ ನೀನೂ ಇಲ್ಲ. ವರ್ಷ ಆದ್ಮೇಲೆ ಪರ್ಮನೆಂಟ್."

ಹೊಸ ವ್ಯಾನುಗಳು ಚೆನ್ನಾಗಿದ್ದವು. ಮುಖ ಹಳೆಯದರಂತೆಯೇ ಚಪ್ಪಟೆ. ಆದರೆ ಎಂಜಿನ್ನು ದಪ್ಪ ರಬ್ಬರಿನ ಮೇಲೆ ಕೂತಿತ್ತು, ಸುತ್ತ ಮೆತ್ತೆ ಹೊದಿಸಿದ್ದರು. ಒಳಗೆ ಕೂತವರು ಪಿಸುಗುಟ್ಟಿ ಮಾತಾಡಬಹುದಿತ್ತು. ಎಂಜಿನ್ ಸುತ್ತು ತೋರಿಸುವ ಮುಳ್ಳು ಆ ಅಗ್ಗದ ಮಾದರಿಯಲ್ಲಿ ಇರಲಿಲ್ಲ. ಎಲ್ಲರೂ ಹೊಗಳಿದರು. ಸೆಕೆಂಡಣ್ಣನ ಬೆನ್ನಿಗೆ ಮಾತ್ರ ಏನೂ ಕೇಳಿಸಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ, ಹದಿನೆಂಟನೇ ತಿರುವಿನ ಹತ್ತಿರ ರಸ್ತೆ ಸ್ವಲ್ಪ ಸಪಾಟಾಗುವ ಕಡೆ ಅವನು ಎಂದಿನಂತೆ ಮೂರಕ್ಕೆ ಏರಿಸಿದ. ಅಲ್ಲೂ ಎರಡರಲ್ಲೇ ತೆವಳಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮತ್ತೆ ಎರಡಕ್ಕೆ ಎಳೆದಾಗ ಗೇರು ಒಳಗೆ ಕೂರಲಿಲ್ಲ, ನಡುವೆ ನಿಂತಿತು. ಎಂಜಿನ್ನು ಮಾವನ ಮನೆಗೆ ಬಂದ ಅಳಿಯನಂತೆ ಸುಮ್ಮನೆ ಕೂತಿತು; ಗಾಡಿ ತನ್ನ ಭಾರಕ್ಕೆ ತಾನೇ ಉರುಳತೊಡಗಿತು. ಕಿವಿ ಇದ್ದವನಿಗೆ ಅರ್ಧ ಸೆಕೆಂಡಿನಲ್ಲಿ ಗೊತ್ತಾಗುವ ವಿಷಯ. ಅವನಿಗೆ ಗೊತ್ತಾದದ್ದು ತಡೆಗೋಡೆಯ ಕಲ್ಲುಗಳು ಬೇಗ ಬೇಗ ಹಿಂದೆ ಸರಿಯುವುದನ್ನು ಕಂಡಾಗ. ಆ ದಿನ ಅವನು ಬ್ರೇಕ್ ಒತ್ತಿದ. ಕೆಳಗೆ, ನಾಲ್ಕನೆಯ ವ್ಯಾನಿನ ಕಡ್ಡಿ ಎಂಬ ಸಣಕಲು ಚಾಲಕ ಕುಣಿದಾಡಿದ.

"ಬರೀರಪ್ಪಾ ಗೋಡೆ ಮೇಲೆ! ಸೆಕೆಂಡಣ್ಣಂಗೆ ಕೆಂಪು! ಮೂರನೇ ಚಹಾ!"

"ನಾಯಿ ಅಡ್ಡ ಬಂತು," ಎಂದ ಸೆಕೆಂಡಣ್ಣ.

"ಅಪ್ಪ, ನಾಯಿ ನಂಗೆ ಕಾಣಲಿಲ್ಲ," ಎಂದಳು ಮಗಳು. ಅವನು ಅವಳ ಬಾಯಿ ನೋಡಿದ್ದ. ಕೇಳಿಸದವನಂತೆ ಚಹಾ ಊದಿದ.

ಅಂದಿನಿಂದ ಅವನ ಕಾಲು ಬ್ರೇಕ್ ಬಿಟ್ಟು ದೂರ ಹೋಗಲಿಲ್ಲ. ತಿರುವಿಗೆ ಮೊದಲು ಮೆಲ್ಲಗೆ ಒಂದು ಒತ್ತು, ಆಮೇಲೆ ಇನ್ನೊಂದು. ಅಂಗಡಿಯಲ್ಲಿ ಕೆಂಪಿನ ಎಣಿಕೆ ಏರಿತು. ಹೊಸ ಗಾಡಿ, ಹೊಸ ಪ್ಯಾಡು, ಇನ್ನೂ ಪಳಗಬೇಕು ಎಂದ.

ಎಂಟನೆಯ ತಿಂಗಳಲ್ಲಿ, ನಾಲ್ಕೂವರೆ ಸಾವಿರ ಕಿಲೋಮೀಟರಿಗೆ ಮೆಕ್ಯಾನಿಕ್ ಅವನ ಚಕ್ರ ಬಿಚ್ಚಿದ. ವರ್ನಿಯರ್ ಹಿಡಿದ. ನಾಲ್ಕು ಮಿಲಿಮೀಟರ್. ನಂಬಿಕೆಯಾಗದೆ ಒರೆಸಿ ಮತ್ತೆ ಹಿಡಿದ. ನಾಲ್ಕೇ. ಪ್ಯಾಡು ಒತ್ತುವ ಉಕ್ಕಿನ ಡಿಸ್ಕಿನ ಮೇಲೆ ನೀಲಿ ಛಾಯೆ, ಕಾದು ಕಾದು ತಣಿದ ಉಕ್ಕಿಗೆ ಬರುವ ಬಣ್ಣ. ಪ್ಯಾಡು ಕಳಪೆ ಇರಬಹುದೇ ಎಂದು ಮಗಳ ವ್ಯಾನನ್ನೂ ಬಿಚ್ಚಿದ. ಅದೇ ಪೆಟ್ಟಿಗೆಯ ಪ್ಯಾಡು, ಅದೇ ರಸ್ತೆ, ಅದೇ ಭಾರ, ಒಂಬತ್ತೂವರೆ ಉಳಿದಿತ್ತು. ಅಲ್ಲಿಗೆ ಉಳಿದ ವ್ಯತ್ಯಾಸ ಚಾಲಕನೊಬ್ಬನೇ.

ಸೆಕೆಂಡಣ್ಣ ಶೆಡ್ಡಿನ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದ. ಅಕ್ಕ ಅಂದಿದ್ದ ಕಿವಿಯ ಮಾತು ನೆನಪಾಗಿ ಮೆಕ್ಯಾನಿಕ್ ಅವನ ಹಿಂದೆ ಐದಡಿ ದೂರದಲ್ಲಿ ನಿಂತು ಒಂದು ದೊಡ್ಡ ಪಾನಾವನ್ನು ಸಿಮೆಂಟು ನೆಲದ ಮೇಲೆ ಬೀಳಿಸಿದ. ಪಕ್ಕದ ಕಾಂಪೌಂಡಿನಲ್ಲಿ ಕಾಗೆಗಳು ಎದ್ದುಹೋದವು. ಸೆಕೆಂಡಣ್ಣ ಅಲುಗಲಿಲ್ಲ.

ಮೆಕ್ಯಾನಿಕ್ ಮುಂದೆ ಬಂದು ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದ. "ಭಾವ, ಎಷ್ಟು ದಿನದಿಂದ?"

ಸುಳ್ಳು ಹೇಳಬಹುದಾದ ಮುಖವಲ್ಲ ಎದುರಿಗಿದ್ದದ್ದು. ಸೆಕೆಂಡಣ್ಣ ಪುಸ್ತಕದ ಪುಟ ನೋಡಿದ; ಮೇಲೆ ನಲವತ್ತೆಂಟು ಸಾವಿರದ ಸಾಲು, ಕೆಳಗೆ ಇವತ್ತಿನ ಸಾಲು.

"ಇನ್ನು ನಾಲ್ಕು ತಿಂಗಳು. ಅವಳ ವರ್ಷ ಮುಗೀಲಿ. ಆಮೇಲೆ ನಾನೇ ಕೀಲಿಕೈ ಕೊಟ್ಟುಬಿಡ್ತೀನಿ."

"ನಾಲ್ಕು ತಿಂಗಳು ಅಂದ್ರೆ ನೂರು ಸಲ ಇಳೀಬೇಕು ಭಾವ."

"ಇಪ್ಪತ್ತೆಂಟು ವರ್ಷ ಇಳಿದಿದೀನಿ. ನೂರು ಯಾವ ಲೆಕ್ಕ?"

ಮೆಕ್ಯಾನಿಕ್ ಅಂದೇ ಮ್ಯಾನೇಜರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಎತ್ತಿ ಆಡಿಸಿದ ಸೋದರ ಸೊಸೆ, ಈ ರಸ್ತೆಯ ಮೊದಲ ಚಾಲಕಿ. ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಪರಿಹಾರ ಹುಡುಕಿದ. "ಮೇಲಿನ ಗೇಟಲ್ಲಿ ನಿಂತೇ ಎರಡಕ್ಕೆ ಹಾಕಿ. ಕೆಳಗೆ ಬರೋತನಕ ಗೇರ್ ಮುಟ್ಟಬೇಡಿ, ಹಾರ್ನ್ ಹೊಡೆಯೋರು ಹೊಡ್ಕೊಳ್ಳಲಿ. ಅನುಮಾನ ಬಂದ್ರೆ ಬ್ರೇಕ್ ಒತ್ತಿ. ಪ್ಯಾಡ್ ನಾನು ತಿಂಗಳಿಗೊಂದ್ಸಲ ಬದಲಾಯಿಸ್ತೀನಿ. ಕೆಂಪು ಹತ್ತಿದ್ರೆ ಹತ್ತಲಿ, ಚಹಾ ಕುಡಿಸಿ."

ಸೆಕೆಂಡಣ್ಣ ತಲೆಯಾಡಿಸಿದ. ಎರಡು ದಿನ ಬಿಟ್ಟು ಬಂದು, ಕ್ಯಾಬಿನ್ನಿನಲ್ಲಿ ಸೆಕೆ, ಒಂದು ಸಣ್ಣ ಫ್ಯಾನ್ ಹಾಕಿಕೊಳ್ಳುತ್ತೇನೆ, ಸ್ವಿಚ್ಚು ಇದೆಯಾ ಎಂದು ಕೇಳಿದ. ಮೆಕ್ಯಾನಿಕ್ ಡಬ್ಬಿಯಿಂದ ಮೂಲೆ ಒಡೆದ ಒಂದು ಹಳದಿ ಸ್ವಿಚ್ಚು ತೆಗೆದುಕೊಟ್ಟ.

ಬ್ರೇಕ್ ಒತ್ತುವುದು ಸೆಕೆಂಡಣ್ಣನಿಗೆ ಅವಮಾನವಾಗಿರಲಿಲ್ಲ. ಅವನು ಹೆದರಿದ್ದು ಎಣಿಕೆಗೆ. ದಿನಕ್ಕೆ ಇಪ್ಪತ್ತು ಕೆಂಪು ಎಂದು ಕಡ್ಡಿ ಅಂಗಡಿಯಲ್ಲಿ ಕೂಗಿದರೆ ವಾರದಲ್ಲಿ ಮ್ಯಾನೇಜರ ಕಿವಿಗೆ ಬೀಳುತ್ತದೆ. ಅವರ ಕಿವಿ ಚೆನ್ನಾಗಿತ್ತು. ಅವನನ್ನು ಸಾಲಿನಿಂದ ತೆಗೆದ ದಿನ ಮಗಳನ್ನೂ ತೆಗೆಯುತ್ತಾರೆ. ಹಾಗಾಗಿ ಅವನು ಸ್ಟೀರಿಂಗಿನ ಕೆಳಗೆ, ಮಂಡಿಗೆ ತಾಗುವ ಕಡೆ, ಬ್ರೇಕ್ ದೀಪದ ತಂತಿಯನ್ನು ಕತ್ತರಿಸಿ ನಡುವೆ ಆ ಹಳದಿ ಸ್ವಿಚ್ಚನ್ನು ಕೂರಿಸಿದ. ಶೆಡ್ಡಿನಲ್ಲಿ ಆನ್. ಇಳಿಜಾರಿನಲ್ಲಿ ಆಫ್.

ಅಂಗಡಿಯಲ್ಲಿ ಅವನ ಎಣಿಕೆ ಮತ್ತೆ ಸೊನ್ನೆಗೆ ಬಂತು.

"ಮುದುಕ ಪಳಗಿಸಿಬಿಟ್ಟ ಹೊಸ ಗಾಡೀನ," ಎಂದ ಕಡ್ಡಿ. "ನನ್ನ ಹೆಂಡತೀನ ಒಂದು ವಾರ ಕಳಿಸ್ಲಾ ಸೆಕೆಂಡಣ್ಣ?"

"ನಿನ್ನ ಪಳಗಿಸಿ ಸುಸ್ತಾಗಿದಾಳೆ, ರಜಾ ಕೊಡು ಪಾಪ," ಎಂದಳು ಮಗಳು. ಎಲ್ಲರೂ ನಕ್ಕರು. ಎಲ್ಲರೂ ನಕ್ಕದ್ದನ್ನು ನೋಡಿ ಅವನೂ ನಕ್ಕ.

ಮಗಳೂ ಸೊನ್ನೆ ಕಾಯ್ದುಕೊಂಡಿದ್ದಳು. ಆರು ಗಾಡಿಯ ಉದ್ದ ಬಿಟ್ಟು ಅಪ್ಪನ ಬೆನ್ನಿಗೆ. ಒಂದು ಸಂಜೆ ಶೆಡ್ಡಿಗೆ ಬಂದು ಚಕ್ರದ ಮೇಲೆ ಕೂತು ಕೇಳಿದಳು. "ಮಾವ, ಒಂದೊಂದ್ಸಲ ಅಪ್ಪನ ಗಾಡಿ ಸುಮ್ಸುಮ್ನೆ ಹತ್ರ ಬಂದ ಹಾಗಾಗುತ್ತೆ. ಕೆಂಪೂ ಇರಲ್ಲ. ನಾನೇ ಜೋರಾಗಿ ಬರ್ತಿದೀನಾ?"

ಮೆಕ್ಯಾನಿಕ್ ಗುಂಡಿಯೊಳಗಿದ್ದ. ಕೆಂಪು ಹತ್ತುತ್ತಿಲ್ಲ ಎಂಬ ಮಾತಷ್ಟೇ ಅವನಿಗೆ ಮುಖ್ಯವಾಗಿ ಕೇಳಿಸಿತು. ಭಾವ ಗೇಟಿನಲ್ಲೇ ಎರಡಕ್ಕೆ ಹಾಕಿಕೊಂಡು ಬರುತ್ತಿದ್ದಾನೆ, ಸದ್ಯ, ಎಂದುಕೊಂಡ. "ಇನ್ನೆರಡು ಗಾಡಿ ಉದ್ದ ಜಾಸ್ತಿ ಬಿಡಮ್ಮ," ಎಂದ. ತಿಂಗಳಿಗೊಮ್ಮೆ ಪ್ಯಾಡು ಬದಲಾಯಿಸುತ್ತೇನೆ ಎಂದು ಹೇಳಿದ್ದವನು ಆ ತಿಂಗಳು ಅಳೆಯಲೂ ಇಲ್ಲ. ಪುಸ್ತಕದಲ್ಲಿ ಒಂದು ಸಾಲು ಖಾಲಿ ಉಳಿದದ್ದು ಅದೇ ಮೊದಲು.

ಅವಳ ವರ್ಷ ಮುಗಿಯಲು ಮೂವತ್ತೆಂಟು ದಿನ ಇತ್ತು. ಒಣ ರಸ್ತೆ, ನಿಚ್ಚಳ ಬಿಸಿಲು. ಹದಿನೆಂಟನೇ ತಿರುವಿನ ಸಪಾಟಿನಲ್ಲಿ ಹಿಂದಿನವರು ಹಾರ್ನ್ ಹೊಡೆದರು. ಅದು ಅವನಿಗೆ ಕೇಳಿಸಲಿಲ್ಲ. ಕನ್ನಡಿಯಲ್ಲಿ ಮೂರು ವ್ಯಾನುಗಳು ಒತ್ತಾಗಿ ಬರುತ್ತಿರುವುದು ಕಾಣಿಸಿತು. ಅನುಮಾನ ಬರಬಾರದೆಂದು ಮೂರಕ್ಕೆ ಏರಿಸಿದ. ಹತ್ತೊಂಬತ್ತನೆಯದಕ್ಕೆ ಎರಡಕ್ಕೆ ಎಳೆದ, ಕೂತಿತು ಎಂದುಕೊಂಡ. ಕೂತಿರಲಿಲ್ಲ. ತಿರುವಿನ ಬಾಯಲ್ಲಿ ಗಾಡಿಯ ವೇಗ ಕಂಡು, ಇದ್ದಬದ್ದ ಬಲವೆಲ್ಲ ಕಾಲಿಗೆ ಕೊಟ್ಟು ಬ್ರೇಕ್ ಒತ್ತಿದ. ವ್ಯಾನು ನಿಂತಿತು, ತಡೆಗೋಡೆಗೆ ಒಂದು ಮೊಳ ಬಿಟ್ಟು. ಒಳಗಿದ್ದವರೆಲ್ಲ ಸೀಟಿನಿಂದ ಮುಂದಕ್ಕೆ ಬಿದ್ದರು.

ಹಿಂದಿನ ಎರಡು ದೀಪಗಳು ಹತ್ತಲಿಲ್ಲ.

ಕೆಂಪು ಕಂಡಿದ್ದರೆ ಮಗಳ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು; ಅವಳು ಕಲಿತದ್ದೇ ಹಾಗೆ. ಕೆಂಪು ಇಲ್ಲದೆ, ಒಂದು ಗಾಡಿ ದೊಡ್ಡದಾಗುತ್ತಿದೆ ಎಂದು ಕಣ್ಣು ನಂಬಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕಾಯಿತು. ಅಷ್ಟರಲ್ಲಿ, ಸಪಾಟಿನಲ್ಲಿ ಒತ್ತಾದ ಮೇಲೆ ಉಳಿದಿದ್ದ ಅಂತರ ಮುಗಿದಿತ್ತು. ಚಪ್ಪಟೆ ಮುಖದ ವ್ಯಾನಿನಲ್ಲಿ ಚಾಲಕನ ಮೊಣಕಾಲಿನ ಮುಂದೆ ಇರುವುದು ಒಂದು ತಗಡು ಮಾತ್ರ. ಪ್ರಯಾಣಿಕರಲ್ಲಿ ಒಬ್ಬನ ಹೆಗಲ ಮೂಳೆ ಮುರಿಯಿತು, ಉಳಿದವರಿಗೆ ತರಚು ಗಾಯ. ಅವಳ ಎಡಗಾಲನ್ನು ಅಂದು ಸಂಜೆ ಮೊಣಕಾಲಿನ ಕೆಳಗೆ ತೆಗೆದರು.

ಹಿಂದಿನಿಂದ ಗುದ್ದಿದವರದೇ ತಪ್ಪು ಎನ್ನುವುದು ರಸ್ತೆಯ ನಿಯಮ. ಇನ್ಸ್‌ಪೆಕ್ಟರು ಎಲ್ಲರನ್ನೂ ವಿಚಾರಿಸಿದರು. ಸೆಕೆಂಡಣ್ಣನ ದೀಪಗಳು ಗುದ್ದಿಗೆ ಪುಡಿಯಾಗಿದ್ದವು; ಅವು ಹತ್ತಿದ್ದವೋ ಇಲ್ಲವೋ ಎಂದು ಅವು ಹೇಳುವಂತಿರಲಿಲ್ಲ. ಮಗಳ ವ್ಯಾನಿನ ಮುಂದಿನ ಸೀಟಿನವನು, ಕೆಂಪು ಹತ್ತಲಿಲ್ಲ ಎಂದ. ಅದಕ್ಕೆ ಕಡ್ಡಿ ನಿಯತ್ತಿನಿಂದಲೇ ಸಾಕ್ಷಿ ಹೇಳಿದ. "ಹತ್ತಲ್ಲ ಸರ್, ಅವನು ಬ್ರೇಕ್ ಮುಟ್ಟೋನೇ ಅಲ್ಲ. ಗೇರಲ್ಲೇ ನಿಧಾನ ಮಾಡಿರ್ತಾನೆ. ಹುಡುಗಿ ಎಲ್ಲೋ ನೋಡ್ತಿದ್ಲು ಅನ್ಸುತ್ತೆ, ಪಾಪ." ಮೂರನೆಯ ವ್ಯಾನಿನವನೂ ಅದನ್ನೇ ಹೇಳಿದ. ಅಪ್ಪನ ಒಳ್ಳೆಯ ಹೆಸರು ಹೀಗೆ ಮಗಳ ಮೇಲೆ ಬಿತ್ತು.

ಮಗಳೂ ಒಪ್ಪಿಕೊಂಡಳು. "ಅಪ್ಪ ಬ್ರೇಕ್ ಹಾಕಿಲ್ಲ. ನಾನೇ ಹತ್ರ ಹೋದೆ. ಮೊದಲಿಂದ್ಲೂ ಹತ್ರ ಹೋಗ್ತಿದ್ದೆ, ಮಾವಂಗೂ ಹೇಳಿದ್ದೆ."

ಜಜ್ಜಿದ ವ್ಯಾನುಗಳನ್ನು ಶೆಡ್ಡಿಗೆ ಎಳೆದು ತಂದರು. ಅವಳ ಮಾತು ಕೇಳಿ ಬಂದ ಮೆಕ್ಯಾನಿಕ್ ಬಾಗಿಲು ಹಾಕಿಕೊಂಡು ಭಾವನ ವ್ಯಾನಿನ ಚಕ್ರ ಬಿಚ್ಚಿದ. ಮೂರು ಮಿಲಿಮೀಟರ್, ಡಿಸ್ಕು ಕಡು ನೀಲಿ. ಬ್ರೇಕ್ ಮುಟ್ಟದವನ ಪ್ಯಾಡು ಹೀಗಿರುವುದಿಲ್ಲ. ಹಾಗಾದರೆ ಕೆಂಪು ಎಲ್ಲಿಗೆ ಹೋಯಿತು? ಪೆಡಲಿನಿಂದ ತಂತಿ ಹಿಡಿದು ಹೊರಟ. ಒಂದು ಗೇಣಿನ ಆಚೆ, ಮಂಡಿ ತಾಗುವ ಕಡೆ, ಮೂಲೆ ಒಡೆದ ಹಳದಿ ಸ್ವಿಚ್ಚು. ಬೆಸುಗೆ ಅಚ್ಚುಕಟ್ಟಾಗಿತ್ತು. ಬೆಸುಗೆ ಹಾಕುವುದನ್ನು ಭಾವನಿಗೆ ಕಲಿಸಿದವನು ತಾನೇ ಎಂಬುದು ನೆನಪಾಯಿತು.

ಆಸ್ಪತ್ರೆಯ ಜಗಲಿಯಲ್ಲಿ ಸೆಕೆಂಡಣ್ಣ ಬೆಂಚಿನ ತುದಿಗೆ ಕೂತಿದ್ದ. ಮೆಕ್ಯಾನಿಕ್ ಸ್ವಿಚ್ಚನ್ನು ಅವನ ಅಂಗೈಯಲ್ಲಿಟ್ಟ. ಆಮೇಲೆ ಅವನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ನಾಳೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬಂದು ಅವಳ ಸಹಿ ತಗೋತಾರೆ. ಅಜಾಗರೂಕತೆಯಿಂದ ಗುದ್ದಿದೆ ಅಂತ. ನಾಳೆ ನಾಲ್ಕರೊಳಗೆ ನೀವು ಹೇಳಿ. ಇಲ್ಲ ಅಂದ್ರೆ ನಾನು ಹೇಳ್ತೀನಿ. ನಂಗೂ ಗೊತ್ತಿತ್ತು ಅನ್ನೋದನ್ನೂ ಸೇರಿಸಿ ಹೇಳ್ತೀನಿ."

"ಮೊದಲು ಅವಳಿಗೆ," ಎಂದ ಸೆಕೆಂಡಣ್ಣ. "ಅವಳೊಬ್ಬಳಿಗೆ. ಆಮೇಲೆ ಯಾರಿಗೆ ಬೇಕಾದ್ರೂ."

ಹೆಂಗಸರ ವಾರ್ಡಿನಲ್ಲಿ ಎಂಟು ಮಂಚ. ಮರುದಿನ ಮೂರು ಗಂಟೆ, ನೋಡಲು ಬರುವವರ ಹೊತ್ತು. ಪ್ರತಿ ಮಂಚಕ್ಕೂ ಎರಡು ಮೂರು ಜನ. ಮಗಳದು ಗೋಡೆಯ ಪಕ್ಕದ ಮಂಚ. ಹೊದಿಕೆಯ ಕೆಳಗೆ ಒಂದು ಕಾಲು ಉದ್ದ, ಒಂದು ಗಿಡ್ಡ. ಹೆಂಡತಿ ತಲೆಯ ಹತ್ತಿರ ನಿಂತಿದ್ದಳು. ಸೆಕೆಂಡಣ್ಣ ಬಗ್ಗಿ, ಮಗಳ ಕಿವಿಗೆ ಬಾಯಿ ಹತ್ತಿರ ತಂದು, ಪಿಸುಮಾತಿನಲ್ಲಿ ಹೇಳಿದ. ಅದು ಪಿಸುಮಾತು ಎಂದು ಅವನು ಅಂದುಕೊಂಡಿದ್ದ. ತನ್ನ ದನಿ ತನಗೆ ಕೇಳಿಸದವನು ಅದನ್ನು ಅಳೆಯುವುದು ಹೇಗೆ?

"ನಿಂದಲ್ಲ ತಪ್ಪು. ನಾನು ಬ್ರೇಕ್ ಒತ್ತಿದ್ದೆ. ನಿಂಗೆ ಕೆಂಪು ಕಾಣಬಾರದು ಅಂತ ದೀಪದ ತಂತಿ ಕತ್ತರಿಸಿದ್ದೆ. ನಂಗೆ ಕಿವಿ ಕೇಳಲ್ಲ, ಆರು ವರ್ಷದಿಂದ."

ಎಂಟೂ ಮಂಚಗಳ ಕಡೆಯಿಂದ ತಲೆಗಳು ತಿರುಗಿದವು. ಕಿತ್ತಳೆ ಸುಲಿಯುತ್ತಿದ್ದ ಒಬ್ಬಳ ಕೈ ನಿಂತಿತು. ಬಾಗಿಲಲ್ಲಿ ಒಂದು ಗಂಟೆ ಮೊದಲೇ ಬಂದಿದ್ದ ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಇದು ಯಾವುದೂ ಅವನಿಗೆ ಗೊತ್ತಾಗಲಿಲ್ಲ. ಅವನು ಮಗಳ ತುಟಿ ನೋಡುತ್ತಿದ್ದ.

"ಯಾಕಪ್ಪಾ?" ಎಂದವು ತುಟಿಗಳು. ಅಷ್ಟು ಅರ್ಥವಾಯಿತು.

"ನೀನು ಪರ್ಮನೆಂಟ್ ಆಗೋತನಕ ಅಂತ."

ಅವಳು ಗೋಡೆಯ ಕಡೆ ತಿರುಗಿದಳು. ಗೋಡೆಯನ್ನೇ ನೋಡುತ್ತ ಇನ್ನೇನೋ ಹೇಳಿದಳು. ಅದು ಅವನಿಗೆ ಕಾಣಿಸಲಿಲ್ಲ. ಹೆಂಡತಿಗೆ ಕೇಳಿಸಿತು: "ಇವರನ್ನ ಹೊರಗೆ ಕರ್ಕೊಂಡು ಹೋಗಮ್ಮ. ಇವರ ದನಿ ಕೇಳೋಕಾಗ್ತಿಲ್ಲ ನಂಗೆ."

"ಏನಂದ್ಲು?" ಎಂದು ಅವನು ಹೆಂಡತಿಯನ್ನು ಕೇಳಿದ.

ಅವಳು ಅವನಿಗೆ ಕಾಣುವಂತೆ ಬಾಯಿಯನ್ನು ಅಗಲವಾಗಿ ಆಡಿಸಿದಳು. "ನಿದ್ದೆ ಬರ್ತಿದೆಯಂತೆ."

ಮಗಳ ಮೇಲೆ ಕೇಸು ಆಗಲಿಲ್ಲ. ಅವನ ಮೇಲೆ ಆಯಿತು, ಇನ್ನೂ ನಡೆಯುತ್ತಿದೆ. ಲೈಸೆನ್ಸು ಹೋಯಿತು. ಮೆಕ್ಯಾನಿಕ್ ನೀಲಿ ಪುಸ್ತಕವನ್ನು ತಾನೇ ಇನ್ಸ್‌ಪೆಕ್ಟರ ಕೈಗೆ ಕೊಟ್ಟ, ಖಾಲಿ ಸಾಲನ್ನು ಬೆರಳಿಟ್ಟು ತೋರಿಸಿ. ಮ್ಯಾನೇಜರು ಅವನಿಗೆ ಛೀಮಾರಿ ಹಾಕಿ ಶೆಡ್ಡಿನ ಕೆಲಸ ಉಳಿಸಿದರು. ಹೊಸ ಪುಸ್ತಕ ಶುರುವಾಯಿತು. ಮೊದಲ ವ್ಯಾನು ಈಗ ಕಡ್ಡಿಯದು. ಪ್ರತಿ ತಿರುವಿನಲ್ಲೂ ನಾಲ್ಕು ಗಾಡಿಗಳೂ ಕೆಂಪು ಹತ್ತಿಸುತ್ತವೆ. ಯಾರೂ ಎಣಿಸುವುದಿಲ್ಲ, ಅವರವರ ಚಹಾ ಅವರವರು ಕುಡಿಯುತ್ತಾರೆ. ಪ್ಯಾಡುಗಳು ಬೇಗ ಸವೆಯುತ್ತಿವೆ.

ಸೆಕೆಂಡಣ್ಣ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ತೊಳೆಯುವುದು, ಒರೆಸುವುದು, ಗಾಡಿ ಹೊರಡುವ ಮೊದಲು ಹಿಂದೆ ನಿಂತು ಬ್ರೇಕ್ ದೀಪ ನೋಡುವುದು. ಅದಕ್ಕೆ ಕಿವಿ ಬೇಡ. ಆದರೆ ದೀಪ ನೋಡಲು ಇಬ್ಬರು ಬೇಕು, ಒಳಗೆ ಪೆಡಲು ಒತ್ತಲು ಒಬ್ಬರು. ಮೆಕ್ಯಾನಿಕ್ ಒತ್ತುತ್ತಿದ್ದ.

ಎಂಟು ತಿಂಗಳ ಮೇಲೆ ಮಗಳು ಕೃತಕ ಕಾಲು ಹಾಕಿಕೊಂಡು ಅದೇ ಶೆಡ್ಡಿಗೆ ಬಂದಳು. ಬೇರೆ ಕಡೆ ಕೇಳಿ ನೋಡಿದ್ದಳು, ಆಗಿರಲಿಲ್ಲ. ಅಳತೆ ಬರೆಯುವ ಕೆಲಸವನ್ನು ಮಾವ ಅವಳಿಗೆ ಕೊಟ್ಟ. ಅಪ್ಪನ ಜೊತೆ ಅವಳು ಮಾತಾಡುವುದಿಲ್ಲ. ಮನೆಯಲ್ಲೂ ಇಲ್ಲ, ಅಮ್ಮ ನಡುವೆ ಓಡಾಡುತ್ತಾಳೆ. ಅವನ ಕಡೆ ಮುಖ ಮಾಡಿ ಅವಳು ತುಟಿ ಆಡಿಸಿದ್ದನ್ನು ಆ ವಾರ್ಡಿನ ನಂತರ ಅವನು ಕಂಡಿಲ್ಲ.

ಒಂದು ಬೆಳಿಗ್ಗೆ ಮೆಕ್ಯಾನಿಕ್ ಗುಂಡಿಯಲ್ಲಿ ಇಳಿದಿದ್ದಾಗ ಕಡ್ಡಿಯ ವ್ಯಾನು ಹೊರಡಬೇಕಿತ್ತು. ಸೆಕೆಂಡಣ್ಣ ಹಿಂದೆ ಹೋಗಿ ನಿಂತ, ಯಾರಾದರೂ ಬರಲಿ ಎಂದು ಕಾದ. ಅವಳು ಪುಸ್ತಕ ಮಡಚಿಟ್ಟು, ಕಂಬಿ ಹಿಡಿದು, ಚಾಲಕನ ಸೀಟಿಗೆ ಏರಿದಳು. ಬ್ರೇಕ್ ಒತ್ತುವುದು ಬಲಗಾಲಿನಿಂದ. ಅದು ಅವಳದೇ.

ಎರಡು ದೀಪಗಳೂ ಹತ್ತಿದವು. ಅವನು ಎಡದ್ದು ನೋಡಿದ, ಬಲದ್ದು ನೋಡಿದ.

"ಹತ್ತಿತು," ಎಂದ, ತೀರಾ ಜೋರಾಗಿ.

ಅವಳು ಪೆಡಲು ಬಿಟ್ಟಳು. ದೀಪ ಆರಿತು. ಕನ್ನಡಿಯಲ್ಲಿ ಅವನನ್ನು ನೋಡಿದಳೋ ಇಲ್ಲವೋ ಹಿಂದೆ ನಿಂತವನಿಗೆ ಗೊತ್ತಾಗಲಿಲ್ಲ. ದೀಪ ಮತ್ತೊಮ್ಮೆ ಹತ್ತಿತು. ಒಂದೇ ಸಲ ನೋಡಿದರೆ ಸಾಲದು, ಎರಡು ಸಲ ನೋಡಬೇಕು ಎಂಬುದು ಶೆಡ್ಡಿನ ನಿಯಮ.

"ಹತ್ತಿತು," ಎಂದ ಅವನು.